ಬೇಜಾರು ಅಂದ್ರೆ ಏನು ಅಂತ ಮೊದ್ಲು ಕೇಳಿ ಮೇಡಂ

ಕಾರವಾರದ ಹೈಸ್ಕೂಲ್ ಮಕ್ಕಳಿಗೆ ಖಿನ್ನತೆ ಪತ್ತೆ ಮಾಡೋ ಬೆಂಗಳೂರಿನ ಪ್ರಶ್ನಾವಳೀನೇ ಕೊಡ್ಬಹುದಾ ಅಂತ ಕೇಳಿದ್ರಲ್ಲ ಮೇಡಂ, ಕೊಡ್ಬಹುದು, ಆದ್ರೆ ಬಂದ ಸ್ಕೋರ್ ನಂಬೋ ಮುಂಚೆ ಒಂದ್ಸಲ ಗೋವಾ ಗಡಿ ಹತ್ರದ ನಮ್ಮ ಮಾಜಾಳಿಗೆ ಬಂದು ಹೋಗಿ. ಇಲ್ಲಿ ಹುಡುಗ ಮನೇಲಿ ಆಯಿ ಜೊತೆ ಕೊಂಕಣಿ, ಶಾಲೇಲಿ ಕನ್ನಡ, ಗಡಿಯ ಪೋಳೆಂ ದಾಟಿ ಗೋವಾಕ್ಕೆ ಕೆಲಸಕ್ಕೆ ಹೋಗೋ ಅಣ್ಣನ ದೋಸ್ತರ ಜೊತೆ ಹಿಂದಿ.

ನಮ್ಮ ಪಕ್ಕದ್ಮನೆ ಹುಡುಗ, ಒಂಬತ್ತನೇ ಕ್ಲಾಸು. ಜುಲೈ ತಿಂಗಳಲ್ಲಿ ಶಾಲೆಗೆ ಪ್ರಶ್ನಾವಳಿ ಹಿಡ್ಕೊಂಡು ಬಂದವ್ರು "ಎರಡು ವಾರದಿಂದ ಬೇಜಾರಾಗ್ತಿದ್ಯಾ?" ಅಂದ್ರು, ಇವ "ಹೂಂ, ದಿನಾ" ಅಂದ. ನಿದ್ದೆ? "ಮೂರು ಗಂಟೆಗೇ ಎಚ್ಚರ ಆಗ್ತದೆ." ತಲೆ ಬಗ್ಗಿಸ್ಕೊಂಡೇ ಹೇಳಿದ, ದೊಡ್ಡವ್ರ ಮುಖ ನೋಡಿ ಮಾತಾಡೋದು ನಮ್ಮಲ್ಲಿ ಉದ್ಧಟತನ. ಖಿನ್ನತೆ ಅಂತ ಬರ್ಕೊಂಡ್ರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟಿನ ಮೀನುಗಾರಿಕೆ ಬಂದ್, ಅಪ್ಪನ ಜೊತೆ ಬೋಟಿಗೆ ಹೋಗಿ ಹೋಗಿ ಆ ಹೊತ್ತಿಗೆ ಎದ್ದೇ ರೂಢಿ, ಈಗ ಎದ್ದು ಮಾಡ್ಲಿಕ್ಕೆ ಕೆಲಸ ಇಲ್ಲ, ಅದಕ್ಕೇ ಬೇಜಾರು ಅಂದದ್ದು!

ಹಾಗಂತ ಎಲ್ಲಾ ನಮ್ಮ ಕಡೆ ಪದ್ಧತಿ ಅಂತ ಬಿಟ್ಬಿಡ್ಬೇಡಿ. ಅದೇ ಶಾಲೆ ಹುಡುಗಿ ಒಬ್ಳು ಬೇಜಾರು ಅನ್ನೋ ಮಾತೇ ಎತ್ಲಿಲ್ಲ, ಎದೆ ಭಾರ, ಹೊಟ್ಟೆ ತೊಳಸ್ತದೆ ಅಂತ ಮೂರು ತಿಂಗಳು ಹೇಳಿದ್ಲು, ಗ್ಯಾಸಿನ ಮಾತ್ರೆ ಕೊಟ್ರು, ಏನಾಗಿದೆ ಅಂತ ದೇವರ ಹತ್ರ ಪ್ರಸಾದ ಕೇಳಿದ್ರು (ಹೂ ಬೀಳೋದನ್ನ ನೋಡಿ ದೇವರ ಉತ್ತರ ತಿಳಿಯೋದು). ನಿಜವಾಗಿ ಕುಗ್ಗಿ ಹೋಗಿದ್ದವ್ಳು ಅವ್ಳೇ. ಪ್ರಶ್ನಾವಳೀಲಿ ಮಾತ್ರ ಏನೂ ತೊಂದ್ರೆ ಇಲ್ಲ ಅಂತ ಪಾಸು. ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗ್ತದೆ ನಂಗೆ.

ಇದೇನು ಹೊಸ ವಿಷಯ ಅಲ್ಲ ಮಾರಾಯ್ರೆ. ಪ್ಯಾರಿಸ್ಸಲ್ಲಿ ಹುಟ್ಟಿದ, ಮಕ್ಕಳ ಬುದ್ಧಿ ಅಳೆಯೋ ಬಿನೆ ಪರೀಕ್ಷೆ ಇಲ್ಲಿಗೆ ಹಾಗೇ ಒಗ್ಗೋದಿಲ್ಲ ಅಂತ 1934ರಲ್ಲೇ ವಿ. ವಿ. ಕಾಮತ್ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು, ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಆದ್ರೆ ಅಲ್ಲೂ ಕೊಂಕಣಿ ಮಕ್ಕಳು ಶಾಲೆ ಭಾಷೇಲೇ ಉತ್ತರ ಹೇಳ್ಬೇಕು. ಮಾತೇ ಬೇಡದ ರೇವನ್ ಪರೀಕ್ಷೆ ಇದೆ ಅಂತೀರಿ, ಅದು ಬುದ್ಧಿ ಅಳೀಲಿಕ್ಕೆ ಆಯ್ತು, ಮನಸ್ಸಿನ ನೋವು ಚಿತ್ರದ ತುಂಡು ಹೊಂದಿಸಿದ್ರೆ ಗೊತ್ತಾಗ್ತದಾ?

ಕೊಂಕಣಿ ಬರೋರನ್ನ ಪಕ್ಕ ಕೂರಿಸ್ಕೊಳ್ಳಿ. ಆ ಹುಡುಗಿಗೂ ಬಾಯಿ ಬಂದದ್ದು ಕೊಂಕಣೀಲಿ ಕೇಳಿದ್ಮೇಲೇ. ಆದ್ರೆ ಇದೇ ಊರಿನವ್ರು ಬೇಡ, ಇಲ್ಲಿ ಎಲ್ರೂ ಒಂದಲ್ಲ ಒಂದು ಕಡೆಯಿಂದ ನೆಂಟರೇ, ಮಗು ಹೇಳಿದ್ದು ಸಂಜೆ ಒಳಗೆ ಅದರ ಮನೆ ಜಗಲಿಗೆ ಬಂದಿರ್ತದೆ. ಅಂಕೋಲಾ ಕಡೆಯಿಂದ ಯಾರನ್ನಾದ್ರೂ ಕರ್ಸಿ.