ಕಾರ್ಡಿನಲ್ಲಿ ಖಾಲಿ ಉಳಿದ ಜಾಗ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಾಸರಗೋಡಿನ ಒಂದು ಹಳ್ಳಿಯ ತಾಯಿ. ಗಂಡ ದುಬೈಯಲ್ಲಿ. ವೀಸಾ ಆಗಿದೆ, ಮಂಗಳೂರಿನಿಂದ ಟಿಕೆಟೂ ಆಗಿದೆ, ಹೊರಡಲು ಇನ್ನು 24 ದಿನ. ನಾಲ್ಕು ವರ್ಷದ ಮಗ, ಏಳು ತಿಂಗಳ ಮಗಳು. ರಾತ್ರಿ ನಿದ್ದೆಯೇ ಇಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು.

ಹೊಸ ಊರಿನ ಹೆದರಿಕೆ ಇರಬೇಕು ಅಂದುಕೊಂಡೆ. ಅಲ್ಲ. ಮಾತಿನ ನಡುವೆ ಬ್ಯಾಗಿನಿಂದ ಮಗನ ಚುಚ್ಚುಮದ್ದಿನ ಕಾರ್ಡು ತೆಗೆದರು. ದಡಾರದ ಎರಡನೇ ಡೋಸಿನ ಜಾಗ ಖಾಲಿ. ಅದನ್ನೇ ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. ಮೊದಲ ಡೋಸ್ ಆಗಿ ವಾರಕ್ಕೆ ಜ್ವರ ಬಂದಿತ್ತಂತೆ, ಅತ್ತೆ "ಇನ್ನು ಬೇಡ, ಅಮ್ಮ ಬಂದ್ರೆ ತಾನಾಗಿ ಇಳೀತದೆ" ಅಂದರಂತೆ, ಇವರೂ ಸುಮ್ಮನಾದರಂತೆ. ಈಗ ಗಂಡನ ಬಿಲ್ಡಿಂಗಿನಲ್ಲೇ ಒಂದು ಮಗುವಿಗೆ ಅಂಚಾಂಪನಿ, ಅಂದರೆ ಇದೇ ದಡಾರ. "ಏನಾದ್ರೂ ಆದ್ರೆ ನನ್ನದೇ ತಪ್ಪಲ್ವಾ ಮೇಡಂ?"

ತಪ್ಪಿನ ಮಾತು ಆಮೇಲೆ, ಮೊದಲು ದಿನ ಎಣಿಸೋಣ ಅಂದೆ. ಚುಚ್ಚುಮದ್ದು ಪೂರ್ತಿ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಈ ವಾರವೇ ಹೋದರೆ ಸಮಯ ಇದೆ. ಮಗನಿಗೆ ಬಾಕಿ ಡೋಸ್ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಮಗಳ ವಿಷಯ ಬೇರೆ. ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆಯೇ ಕೊಡುವುದು, ಆದರೆ ಹೊರದೇಶಕ್ಕೆ ಹೋಗುವ, ಆರು ತಿಂಗಳು ದಾಟಿದ ಮಗುವಿಗೆ ಮುಂಚೆಯೇ ಒಂದು ಡೋಸ್ ಕೊಡುವ ಕ್ರಮವೂ ಇದೆ, ಅದನ್ನು ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಅದು ಹೆಚ್ಚುವರಿ ಡೋಸ್, ಆಮೇಲಿನ ಎರಡನ್ನು ತಪ್ಪಿಸುವ ಹಾಗಿಲ್ಲ. ನೀವೂ ಹಾಕಿಸಿಕೊಂಡ ನೆನಪಿಲ್ಲದಿದ್ದರೆ ಕೇಳಿ. ಎದೆಹಾಲು ಕೊಡುವವರಿಗೆ ತೊಂದರೆ ಇಲ್ಲ, ಬಸುರಿಯರಿಗೆ ಕೂಡದು.

ಮರುದಿನ ಅತ್ತೆಯನ್ನೂ ಕರೆಸಿದೆ. ವಾದ ಮಾಡಲಿಲ್ಲ. ಆ ಜ್ವರ ಒಂದೆರಡು ದಿನದ್ದು, ದಡಾರ ಹಾಗಲ್ಲ, ಶ್ವಾಸಕೋಶಕ್ಕೂ ಮಿದುಳಿಗೂ ಇಳಿಯಬಹುದು ಅಂದೆ. ರೋಗಿ ಎದ್ದು ಹೋದ ಕೋಣೆಯಲ್ಲೂ ವೈರಸ್ ಎರಡು ಗಂಟೆಯವರೆಗೆ ಉಳಿಯಬಹುದು, ರಕ್ಷಣೆ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನರವರೆಗೆ ಅಂಟಬಹುದು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲ ಹೇಳಿದರು: "ನನ್ನ ತಂಗಿಗೆ ಒಂದು ಕಣ್ಣು ಕಾಣುದಿಲ್ಲ. ಸಣ್ಣದಿರುವಾಗ ಅದರಲ್ಲೇ ಹೋದದ್ದು." ಸೊಸೆಗೆ ಇದು ಗೊತ್ತೇ ಇರಲಿಲ್ಲ.

ಬುಧವಾರ ಅತ್ತೆಯೂ ಜೊತೆಗೆ ಹೋದರು. ಕಾರ್ಡಿನ ಫೋಟೊ ಗಂಡನ ಫೋನಿಗೆ ಕಳಿಸಿಡಿ, ಅಲ್ಲಿಗೆ ಹೋದ ಮೂರು ವಾರದೊಳಗೆ ಯಾರಿಗಾದರೂ ಜ್ವರ, ಕೆಂಪು ಕಣ್ಣು, ಮೈಮೇಲೆ ಕೆಂಪು ದದ್ದು ಕಂಡರೆ ನೇರ ಕ್ಲಿನಿಕ್ಕಿಗೆ ಹೋಗಿ ಕೂರಬೇಡಿ, ಮೊದಲು ಫೋನ್ ಮಾಡಿ ಅಂತ ಹೇಳಿ ಕಳಿಸಿದೆ.