ಮರೆವಲ್ಲದ ಮರೆವು

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಸಂಬಂಧಪಟ್ಟವಳ ಒಪ್ಪಿಗೆ ಇದೆ.)

"ಮೇಡಂ, ನನ್ನ ತಲೆ ಸರಿಯಿಲ್ಲ ಎಂದು ಒಂದು ಚೀಟಿ ಬರೆದುಕೊಡಿ. ಕಾಲೇಜು ಬಿಟ್ಟು ಊರಿಗೆ ಹೋಗುತ್ತೇನೆ" ಎಂದೇ, ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಭಾಗ್ಯ ಮಾತು ಶುರು ಮಾಡಿದಳು. ಚಿಂಚೋಳಿ ಕಡೆಯ ಹಳ್ಳಿಯವಳು, ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಬಾಡಿಗೆ ಕೋಣೆಯಲ್ಲಿ ಮೂವರು ಹುಡುಗಿಯರು. ಹಿರಿಯಳನ್ನು ಉಳಿದಿಬ್ಬರೂ ಅಕ್ಕ ಎನ್ನುತ್ತಿದ್ದರು.

ಪರೀಕ್ಷೆಯ ಮುನ್ನಾದಿನ ಹಾಲ್ ಟಿಕೆಟ್ ಕಾಣೆಯಾಗಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತ್ತು. "ನೀನೇ ಇಟ್ಟೆಯಲ್ಲ, ನಾವಿಬ್ಬರೂ ನೋಡಿದೆವು" ಎಂದಳು ಅಕ್ಕ. ಇನ್ನೊಬ್ಬಳು ಹೂಂಗುಟ್ಟಿದಳು. ಇಟ್ಟ ಅಲಾರಂ ಬೆಳಿಗ್ಗೆ ಬಡಿಯುತ್ತಿರಲಿಲ್ಲ. ಆಪ್ತ ಗೆಳತಿ ರಶ್ಮಿ ಒಂದು ದಿನ ಮಾತು ಬಿಟ್ಟಳು. ಭಾಗ್ಯ ಹೊಲಸು ಸಂದೇಶ ಕಳಿಸಿದ್ದಳಂತೆ, ಆದರೆ ಭಾಗ್ಯಳ ಮೊಬೈಲಿನಲ್ಲಿ ಅಂಥದ್ದೇನೂ ಇರಲಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆಯಿತು. ಹಣ, ಮೊಬೈಲಿನ ಲಾಕ್, ಯಾರೊಂದಿಗೆ ಮಾತಾಡಬೇಕು ಎಂಬ ತೀರ್ಮಾನ, ಎಲ್ಲವೂ ಅಕ್ಕನ ಕೈಗೆ ಹೋದವು. ಊರಲ್ಲಿ ಅವ್ವ ಶರಣಬಸವೇಶ್ವರನಿಗೆ ಹರಕೆ ಹೊತ್ತು ಮಗಳಿಗೆ ತಾಯಿತ ಕಟ್ಟಿದ್ದಳು. ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ.

ನಿದ್ದೆಗೇಡು, ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಇವೆಲ್ಲ ನೆನಪನ್ನು ಮಂಕಾಗಿಸಬಲ್ಲವು. ಆದ್ದರಿಂದ ಮೊದಲು ಮನೋವೈದ್ಯರ ಬಳಿ ಕಳಿಸಿದೆ. ಆತಂಕ ಮತ್ತು ನಿದ್ದೆಯ ಕೊರತೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಮೇಲೆ, ಎಲ್ಲೆಲ್ಲಿ ಮರೆಯುತ್ತೀ ಎಂದು ಒಂದೊಂದಾಗಿ ಕೇಳುತ್ತ ಹೋದೆ. ತೊಗರಿ ರಾಶಿಯ ಹೊತ್ತಿಗೆ ಅವಳು ಊರಿಗೆ ಹೋಗಿದ್ದಳು. ಯಾವ ಆಳಿಗೆ ಎಷ್ಟು ದಿನದ ಕೂಲಿ ಬಾಕಿ, ಎಷ್ಟು ಚೀಲ ತುಂಬಿತು, ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಹೇಳಿದಳು. ಪ್ರಯೋಗಾಲಯದಲ್ಲೂ ಅವಳ ಅಳತೆಗಳು ತಪ್ಪಿರಲಿಲ್ಲ. ಮರೆವಿನ ಕಾಯಿಲೆ ಒಂದು ಕೋಣೆಯ ಹೊಸ್ತಿಲೊಳಗೆ ಮಾತ್ರ ಇರುವುದಿಲ್ಲ. ಇದನ್ನು ಹೇಳಿದಾಗ ಅವಳು ಅತ್ತಳು, ಮರುಕ್ಷಣವೇ ಅಕ್ಕನ ಪರ ವಾದಿಸಿದಳು.

ಅವಳಿಗೆ ಸೊಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನ ಪ್ರಯೋಗವನ್ನು ವಿವರಿಸಿದೆ. 1951ರಲ್ಲಿ ಪ್ರಕಟವಾದದ್ದು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಎಂದು ಹೇಳಬೇಕು, ಅಷ್ಟೇ. ಮೊದಲೇ ಒಪ್ಪಂದ ಮಾಡಿಕೊಂಡ ಉಳಿದವರೆಲ್ಲ ಒಂದೇ ತಪ್ಪು ಉತ್ತರ ಕೊಟ್ಟಾಗ, ಏನೂ ತಿಳಿಯದ ಒಬ್ಬನೂ ಸುಮಾರು ಮೂರರಲ್ಲಿ ಒಂದು ಸಲ ಅದೇ ತಪ್ಪನ್ನು ಹೇಳಿದ. ಗುಂಪಿನಲ್ಲಿ ಒಬ್ಬನಾದರೂ ಸರಿಯುತ್ತರ ಹೇಳಿದರೆ ಈ ತಪ್ಪು ಬಹಳವಾಗಿ ಇಳಿಯಿತು. ಭಾಗ್ಯಳ ಕೋಣೆಯಲ್ಲಿ ಆ ಒಬ್ಬರು ಇರಲಿಲ್ಲ. ಇದ್ದ ರಶ್ಮಿಯನ್ನು ದೂರ ಮಾಡಲಾಗಿತ್ತು.

ನನ್ನ ಮೊದಲ ಸಲಹೆ: ಅಕ್ಕನನ್ನು ಈಗಲೇ ಪ್ರಶ್ನಿಸಬೇಡ. ಉತ್ತರವೂ ಸಾಕ್ಷಿಯೂ ಅವಳ ಬಳಿ ತಯಾರಿರುತ್ತವೆ, ನೀನು ಮತ್ತೆ ನಿನ್ನನ್ನೇ ಅನುಮಾನಿಸುತ್ತೀ. ಏನಿಟ್ಟೆ, ಎಲ್ಲಿಟ್ಟೆ, ಎಷ್ಟು ಹೊತ್ತಿಗೆ ಎಂದು ಪೆನ್ನಿನಲ್ಲಿ ಬರೆ, ಆ ಪುಸ್ತಕವನ್ನು ಕಾಲೇಜಿನಲ್ಲೇ ಇಡು. ರಶ್ಮಿಯನ್ನು ನೇರವಾಗಿ ಭೇಟಿಯಾಗಿ, ವಾದಿಸದೆ, ಆ ಸಂದೇಶವನ್ನು ತೋರಿಸು ಎಂದು ಮಾತ್ರ ಕೇಳು.

ರಶ್ಮಿ ತೋರಿಸಿದಳು. ಸಂದೇಶದ ಸಮಯ ಬೆಳಿಗ್ಗೆ 11:20. ಆ ಹೊತ್ತಿಗೆ ಇಬ್ಬರೂ ಪ್ರಾಯೋಗಿಕ ಪರೀಕ್ಷೆಯಲ್ಲಿದ್ದರು, ಮೊಬೈಲ್‌ಗಳು ಹೊರಗಿನ ಬ್ಯಾಗುಗಳಲ್ಲಿದ್ದವು. ವಾಟ್ಸ್‌ಆ್ಯಪ್‌ನ 'ಲಿಂಕ್ಡ್ ಡಿವೈಸಸ್' ತೆರೆದಾಗ ಒಂದು ಲ್ಯಾಪ್‌ಟಾಪ್ ಜೋಡಣೆಯಾಗಿತ್ತು. ಆ ಕೋಣೆಯಲ್ಲಿ ಲ್ಯಾಪ್‌ಟಾಪ್ ಇದ್ದದ್ದು ಅಕ್ಕನ ಬಳಿ ಮಾತ್ರ. ಲಾಕ್ ಗೊತ್ತಿದ್ದವರು ಮೊಬೈಲನ್ನು ಒಮ್ಮೆ ಕೈಗೆತ್ತಿಕೊಂಡರೆ ಈ ಜೋಡಣೆ ಸಾಧ್ಯ. ಅಲ್ಲಿಂದ ಸಂದೇಶ ಕಳಿಸಿ 'ಡಿಲೀಟ್ ಫಾರ್ ಮಿ' ಒತ್ತಿದರೆ ಭಾಗ್ಯಳ ಕಡೆ ಅಳಿದುಹೋಗುತ್ತದೆ, ರಶ್ಮಿಯ ಕಡೆ ಉಳಿಯುತ್ತದೆ.

ಪರದೆಯ ಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಆ ಜೋಡಣೆ ತೆಗೆದುಹಾಕಲು, ಲಾಕ್ ಮತ್ತು ಯುಪಿಐ ಪಿನ್ ಬದಲಿಸಲು, ಎರಡು ಹಂತದ ಪರಿಶೀಲನೆ ಹಾಕಲು ಹೇಳಿದೆ. ಇನ್ನೊಬ್ಬರ ಗುರುತನ್ನು ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂದೂ ತಿಳಿಸಿದೆ. ದೂರು ಕೊಡುವುದು ಬಿಡುವುದು ಅವಳ ಹಕ್ಕು, ಒತ್ತಾಯಿಸಲಿಲ್ಲ. ರಾತ್ರಿ ಭಯ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಬಹುದು, ಹಣ ಬೇಕಿಲ್ಲ.

ಅಣ್ಣ ಬಂದು ಸಾಮಾನು ಸಾಗಿಸಿದ. ಕೋಣೆ ಬಿಡುವ ದಿನ ಮೂರನೆಯ ಹುಡುಗಿ ಭಾಗ್ಯಳನ್ನು ಹೊರಗೆ ಕರೆದು, "ಹಾಲ್ ಟಿಕೆಟ್ ನೀನಿಟ್ಟದ್ದನ್ನು ನಾನು ನೋಡಿರಲಿಲ್ಲ. ಇಲ್ಲ ಎಂದಿದ್ದರೆ ನನ್ನ ಸರದಿ ಬರುತ್ತಿತ್ತು" ಎಂದಳಂತೆ. ಅವಳನ್ನೂ ನನ್ನ ಬಳಿ ಕಳಿಸಲು ಹೇಳಿದ್ದೇನೆ. ಅಕ್ಕ ಹೀಗೇಕೆ ಮಾಡಿದಳು ಎಂದು ಭಾಗ್ಯ ಪದೇ ಪದೇ ಕೇಳುತ್ತಾಳೆ. ನಾನು ಕಾಣದ ಹುಡುಗಿಗೆ ಕಾಯಿಲೆಯ ಹೆಸರು ಅಂಟಿಸಲಾರೆ. ಕಾರಣ ತಿಳಿಯುವವರೆಗೆ ಆ ಕೋಣೆಯಲ್ಲಿ ಕಾಯಬೇಕಿರಲಿಲ್ಲ ಎಂದಷ್ಟೇ ಉತ್ತರಿಸಿದ್ದೇನೆ. ಉಳಿದ ವಿಷಯದ ಪರೀಕ್ಷೆಯನ್ನು ಅವಳು ಬರೆದಿದ್ದಾಳೆ. ದೂರಿನ ಬಗ್ಗೆ ಫಲಿತಾಂಶ ಬಂದ ಮೇಲೆ ಅಣ್ಣನೊಂದಿಗೆ ಕುಳಿತು ತೀರ್ಮಾನಿಸುತ್ತಾಳಂತೆ.