ಸಣ್ಣ ಬಂದರಿನಲ್ಲಿ ಮೊದಲು ಶೋರ್ ಪವರ್ ಬರಬೇಕೇ, ಸೌರ ಫಲಕಗಳು ಬರಬೇಕೇ?

ಪ್ರಾದೇಶಿಕ ಬಂದರೊಂದರ ಪರಿಸರ ವಿಭಾಗಕ್ಕೆ ಹೊಸದಾಗಿ ಬಂದಿರುವ ನೀವು, ಮೊದಲ ವರ್ಷದ ಹಣವನ್ನು ಹಡಗುಗಳಿಗೆ ದಡದಿಂದ ವಿದ್ಯುತ್ ಕೊಡುವ ಶೋರ್ ಪವರ್‌ಗೆ ಹಾಕಬೇಕೇ, ಗೋದಾಮುಗಳ ಮೇಲಿನ ಸೌರ ಫಲಕಗಳಿಗೆ ಹಾಕಬೇಕೇ, ಬಿಡುವ ಮತ್ತು ಹೀರುವ ಇಂಗಾಲ ಸರಿಸಮವಾಗುವ ನಿವ್ವಳ ಶೂನ್ಯಕ್ಕೆ ಯಾವ ವರ್ಷವನ್ನು ಘೋಷಿಸಬೇಕು ಎಂದು ಕೇಳಿದ್ದೀರಿ. ನಾನೂ ಅಂಥದೇ ಕುರ್ಚಿಯಲ್ಲಿ ಕುಳಿತಿದ್ದವನು. ಶೋರ್ ಪವರ್ ಎಂಬ ಉತ್ತರವನ್ನು ಆರಿಸಿಕೊಂಡು ಅದರ ಫಲವನ್ನೂ ಉಂಡಿದ್ದೇನೆ.

ನಮ್ಮದು ಕಲ್ಲಿದ್ದಲು, ರಸಗೊಬ್ಬರ, ಧಾನ್ಯ ಹೆಚ್ಚಾಗಿ ಇಳಿಯುವ, ಒಂದಿಷ್ಟು ಕಂಟೇನರುಗಳೂ ಸಿಮೆಂಟೂ ಬರುವ ಮಧ್ಯಮ ಗಾತ್ರದ ಬಂದರು. ಮಾಲಿನ್ಯದ ಲೆಕ್ಕ ತೆಗೆದಾಗ ನಮ್ಮ ಕಚೇರಿ, ದೀಪ, ವಾಹನಗಳ ಪಾಲು ಚಿಕ್ಕದಾಗಿ, ಧಕ್ಕೆಗೆ (ಹಡಗುಕಟ್ಟೆಗೆ) ಕಟ್ಟಿದ ಹಡಗುಗಳ ಪಾಲು ಬಹಳ ದೊಡ್ಡದಾಗಿ ಕಂಡಿತು. ಹಡಗು ಧಕ್ಕೆ ಸೇರಿದ ಮೇಲೆ ಮುಖ್ಯ ಎಂಜಿನ್ ನಿಂತರೂ ಪಂಪು, ದೀಪ, ಶೈತ್ಯ ವ್ಯವಸ್ಥೆ, ಕ್ರೇನುಗಳಿಗಾಗಿ ಸಹಾಯಕ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ದಡದಿಂದ ವಿದ್ಯುತ್ ಕೊಟ್ಟರೆ ಅವನ್ನು ನಿಲ್ಲಿಸಬಹುದು ಎಂಬ ತರ್ಕದಲ್ಲಿ ತಪ್ಪಿಲ್ಲ. ಗೋಥೆನ್‌ಬರ್ಗ್ ಬಂದರು 2000ರಲ್ಲಿಯೂ ಲಾಸ್ ಏಂಜಲೀಸ್ ಬಂದರು 2004ರಲ್ಲಿಯೂ ಇದನ್ನು ಮಾಡಿ ತೋರಿಸಿದ್ದವು, ಆ ಉದಾಹರಣೆಗಳನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ.

ನಾನು ಎಡವಿದ್ದು ಧಕ್ಕೆಯನ್ನು ಆರಿಸುವಲ್ಲಿ. ಹಡಗುಗಳು ಧಕ್ಕೆಗೆ ಬಂದುಹೋದ ಬರ್ತಿಂಗ್ ದಾಖಲೆಯನ್ನು ತರಿಸಿಕೊಂಡು, ಯಾವ ಧಕ್ಕೆಯಲ್ಲಿ ಹಡಗುಗಳು ಒಟ್ಟು ಎಷ್ಟು ಗಂಟೆ ನಿಂತಿದ್ದವು ಎಂದು ಕೂಡಿಸಿ, ಅತಿ ಹೆಚ್ಚು ಗಂಟೆಗಳ ಧಕ್ಕೆಗೆ ಸಂಪರ್ಕ ಕೊಡಬೇಕೆಂದು ಪ್ರಸ್ತಾವ ಬರೆದೆ. ಅದು ಕಲ್ಲಿದ್ದಲು, ಧಾನ್ಯದಂಥ ಬಿಡಿ ಸರಕಿನ ಧಕ್ಕೆ, ಅಲ್ಲಿ ಹಡಗು ಇಲ್ಲದ ದಿನವೇ ಅಪರೂಪ. ಅದೇ ದಾಖಲೆಯ ಪಕ್ಕದ ಕಲಂನಲ್ಲಿ ಹಡಗುಗಳ ಹೆಸರಿತ್ತು, ಅದನ್ನು ನಾನು ಓದಲೇ ಇಲ್ಲ. ಓದಿದ್ದರೆ, ಆ ಧಕ್ಕೆಗೆ ಬಂದ ಹಡಗುಗಳಲ್ಲಿ ಬಹುಪಾಲು ಒಮ್ಮೆ ಬಂದು ಹೋದ ಮೇಲೆ ಮತ್ತೆ ನಮ್ಮ ಕಡೆ ತಲೆಹಾಕಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಬಿಡಿ ಸರಕಿನ ಹಡಗಿಗೆ ಬಸ್ಸಿನಂತೆ ಗೊತ್ತಾದ ಮಾರ್ಗವಿರುವುದಿಲ್ಲ. ಯಾರು ಬಾಡಿಗೆಗೆ ಹಿಡಿಯುತ್ತಾರೋ ಅವರ ಸರಕು ಹೊತ್ತು ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಇನ್ನೊಂದು ಖಂಡದಲ್ಲಿ ಇರುತ್ತದೆ. ದಡದ ವಿದ್ಯುತ್ ಪಡೆಯಲು ಹಡಗಿನೊಳಗೂ ಸ್ವಿಚ್‌ಬೋರ್ಡ್, ಕೇಬಲ್ ವ್ಯವಸ್ಥೆ, ಹಲವು ಸಲ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತವೆ, ಅದಕ್ಕೆ ಮಾಲೀಕ ದೊಡ್ಡ ಮೊತ್ತ ಹಾಕಬೇಕು. ಮತ್ತೆ ಬರುವೆನೋ ಇಲ್ಲವೋ ತಿಳಿಯದ ಬಂದರಿಗಾಗಿ ಯಾವ ಮಾಲೀಕ ಆ ಖರ್ಚು ಮಾಡುತ್ತಾನೆ? ಏಜೆಂಟರನ್ನು ಕರೆದು ಕೇಳಿದಾಗ ಎಲ್ಲರೂ ತಲೆದೂಗಿದ್ದರು ನಿಜ. ಆದರೆ ಏಜೆಂಟರು ಹಡಗಿನ ಒಡೆಯರಲ್ಲ, ಬಂದರಿನ ಅಧಿಕಾರಿಗೆ ಎದುರಾಡಿ ಅವರಿಗೆ ಲಾಭವೂ ಇಲ್ಲ. ಆ ಬಾಯಿಮಾತನ್ನು ನಾನು ಕಡತದಲ್ಲಿ ಬೇಡಿಕೆಯ ಪುರಾವೆಯೆಂದು ಸೇರಿಸಿದೆ.

ಮಿಕ್ಕ ತೊಂದರೆಗಳೆಲ್ಲ ಆ ಒಂದೇ ಬೇರಿನಿಂದ ಬಂದವು. ಯಾವ ಹಡಗು ಬರುತ್ತದೆಂದು ಗೊತ್ತಿಲ್ಲದ ಕಾರಣ ಸಾಕೆಟ್ ಎಲ್ಲಿಡಬೇಕೆಂಬುದು ಅಂದಾಜಿನ ಮಾತಾಯಿತು, ಹಡಗಿನ ಉದ್ದ ಬದಲಾದಂತೆ, ಅದು ಎಡಮಗ್ಗುಲಲ್ಲಿ ಕಟ್ಟಿಕೊಂಡಿತೇ ಬಲಮಗ್ಗುಲಲ್ಲೇ ಎಂಬುದರ ಮೇಲೆ, ಕೇಬಲ್ ತಲುಪಬೇಕಾದ ಜಾಗವೂ ಬದಲಾಗುತ್ತಿತ್ತು. ಅಂಥ ಹಡಗುಗಳಲ್ಲಿ ಹಲವು ತಮ್ಮದೇ ಕ್ರೇನುಗಳಿಂದ ಸರಕು ಇಳಿಸುತ್ತವೆ, ಸರಕು ಬಾಚುವ ಗ್ರ್ಯಾಬ್ ತುಂಬಿ ಮೇಲೇಳುವಾಗ ವಿದ್ಯುತ್ತಿನ ಬೇಡಿಕೆ ಥಟ್ಟನೆ ಏರಿ ಇಳಿಯುತ್ತದೆ. ದಡದ ವಿದ್ಯುತ್ತಿನ ಆವರ್ತನವನ್ನು ಹಡಗಿನದಕ್ಕೆ ಹೊಂದಿಸುವ ಆವರ್ತನ ಪರಿವರ್ತಕವನ್ನು ಖರ್ಚು ಕಡಿಮೆ ಮಾಡಲು ಮೊದಲ ಹಂತದಿಂದ ಕೈಬಿಟ್ಟಿದ್ದೆವು. ಕೊನೆಗೊಂದು ದಿನ ಒಂದು ಹಡಗಿನ ಚೀಫ್ ಎಂಜಿನಿಯರ್ ಕುತೂಹಲದಿಂದ ಇಳಿದು ಬಂದರು. ಉಪ್ಪುಗಾಳಿಗೆ ಆಗಲೇ ಕೀಲು ಬಿಗಿದಿದ್ದ ಸಾಕೆಟ್ ಪೆಟ್ಟಿಗೆಯ ಮುಚ್ಚಳವನ್ನು ನಮ್ಮ ಸಿಬ್ಬಂದಿ ಸುತ್ತಿಗೆಯ ಹಿಡಿಯಿಂದ ತಟ್ಟಿ ತೆರೆದ ಮೇಲೆ, ಒಳಗಿನ ತಗಡಿನ ಮೇಲೆ ಕೊರೆದಿದ್ದ 6.6 ಕಿಲೋವೋಲ್ಟ್, 50 ಹರ್ಟ್ಜ್ ಎಂಬ ಅಕ್ಷರಗಳನ್ನು ಓದಿ, ಐವತ್ತರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಅವರ ಹಡಗಿನದು 440 ವೋಲ್ಟ್, 60 ಹರ್ಟ್ಜ್. ಪ್ರಪಂಚದ ಹೆಚ್ಚಿನ ಸರಕು ಹಡಗುಗಳದ್ದೂ 60 ಹರ್ಟ್ಜೇ.

ಹಣಕ್ಕಿಂತ ದೊಡ್ಡ ನಷ್ಟ ನಂಬಿಕೆಯದು. ಆಮೇಲೆ ನಮ್ಮ ವಿಭಾಗದ ಯಾವ ಕಡತ ಮೇಲೆ ಹೋದರೂ, ಮೊದಲು ಆ ಪೆಟ್ಟಿಗೆಯನ್ನು ಉಪಯೋಗಿಸಿ ತೋರಿಸಿ ಎಂಬ ಷರಾದೊಂದಿಗೆ ಹಿಂದಿರುಗುತ್ತಿತ್ತು. ಹಡಗುಗಳನ್ನು ಎಳೆದು ತರುವ ಟಗ್‌ಗಳು ರಾತ್ರಿಯೆಲ್ಲ ಜನರೇಟರ್ ಓಡಿಸಿಕೊಂಡು ನಿಲ್ಲುವ ಜೆಟ್ಟಿಗೆ ಸಾಧಾರಣ ವಿದ್ಯುತ್ ಸಂಪರ್ಕ ಕೊಡುವ ಪ್ರಸ್ತಾವವೂ ಹಾಗೆಯೇ ಬಿತ್ತು. ನಾನು ಕಡೆಗಣಿಸಿದ್ದ ಸಿಮೆಂಟಿನ ಧಕ್ಕೆಗೆ ಬರುತ್ತಿದ್ದುದಾದರೋ ಒಂದೇ ಹಡಗು. ಅದೇ ಕೊಳವೆ, ಅದೇ ಮಗ್ಗುಲು, ಅದೇ ಸಿಬ್ಬಂದಿ. ಅದರ ಮಾಲೀಕರ ಜೊತೆ ಕುಳಿತು ಒಪ್ಪಂದ ಮಾಡಿಕೊಳ್ಳಬಹುದಿತ್ತು. ಗೋಥೆನ್‌ಬರ್ಗ್‌ನಲ್ಲಿಯೂ ಲಾಸ್ ಏಂಜಲೀಸ್‌ನಲ್ಲಿಯೂ ನಡೆದದ್ದು ಅದೇ: ಒಂದು ಕಡೆ ಗೊತ್ತಾದ ಮಾರ್ಗದ, ವಾಹನಗಳು ನೇರವಾಗಿ ಒಳಗೆ ಓಡಿ ಹತ್ತುವ ರೋ-ರೋ ಹಡಗುಗಳು, ಇನ್ನೊಂದು ಕಡೆ ಗೊತ್ತಾದ ಕಂಪನಿಯ ಕಂಟೇನರ್ ಹಡಗುಗಳು. ಐರೋಪ್ಯ ಒಕ್ಕೂಟದ ಫ್ಯುಯೆಲ್‌ಇಯು ನಿಯಮವೂ 2030ರಿಂದ ದೊಡ್ಡ ಬಂದರುಗಳಲ್ಲಿ ದಡದ ವಿದ್ಯುತ್ತನ್ನೋ ಹೊಗೆಯಿಲ್ಲದ ಬೇರೆ ತಂತ್ರವನ್ನೋ ಕಡ್ಡಾಯ ಮಾಡಿರುವುದು ಕಂಟೇನರ್ ಮತ್ತು ಪ್ರಯಾಣಿಕ ಹಡಗುಗಳಿಗೆ. ಬಿಡಿ ಸರಕಿನ ಹಡಗುಗಳನ್ನು ಅದರಲ್ಲಿ ಸೇರಿಸಿಲ್ಲ. ಉದಾಹರಣೆಗಳನ್ನು ಹೇಳುತ್ತಿದ್ದ ನಾನು ಅವು ಯಾವ ಬಗೆಯ ಹಡಗುಗಳೆಂದು ಗಮನಿಸಿರಲಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮ ಮೇಲಧಿಕಾರಿಗಳು ಕೇಳುವ ಮೊದಲೇ ನೀವು ಕೇಳಿಕೊಳ್ಳಿ. ಹಡಗಿನ ಸಹಾಯಕ ಎಂಜಿನ್ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕಲ್ಲಿದ್ದಲಿನ ಸ್ಥಾವರ ಬಿಡುವುದು ಅದಕ್ಕಿಂತ ಹೆಚ್ಚು. ನಿಮ್ಮ ಜಾಲದ ವಿದ್ಯುತ್ ಬಹುತೇಕ ಕಲ್ಲಿದ್ದಲಿನದಾಗಿದ್ದರೆ ಶೋರ್ ಪವರ್‌ನಿಂದ ಬಂದರಿನ ಅಕ್ಕಪಕ್ಕದವರ ಶ್ವಾಸಕೋಶಕ್ಕೆ ಉಪಕಾರವಾಗುತ್ತದೆ, ಹವಾಮಾನಕ್ಕೆ ಆಗುವುದಿಲ್ಲ. ಮೊದಲನೆಯದೇ ಸಾಕಷ್ಟು ಒಳ್ಳೆಯ ಕಾರಣ, ಆದರೆ ವರದಿಯಲ್ಲಿ ಅದನ್ನು ಎರಡನೆಯದರ ಹೆಸರಿನಲ್ಲಿ ಬರೆಯಬೇಡಿ.

ಹಾಗಾಗಿ ಶೋರ್ ಪವರೋ ಸೌರ ಫಲಕವೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಯಂತ್ರ ಕೊಳ್ಳುವ ಪ್ರಶ್ನೆಗಳು. ಬಂದರಿನ ಕೈಯಲ್ಲಿರುವ ಅತಿ ಅಗ್ಗದ ಹವಾಮಾನ ಕ್ರಮ ಸರತಿಯ ನಿಯಮದಲ್ಲಿದೆ. ಮೊದಲು ಬಂದವರಿಗೆ ಮೊದಲ ಧಕ್ಕೆ ಎಂಬ ಪದ್ಧತಿ ಇರುವ ತನಕ, ಧಕ್ಕೆ ಖಾಲಿಯಿಲ್ಲವೆಂದು ತಿಳಿದೂ ಹಡಗು ವೇಗವಾಗಿ ಓಡಿಬಂದು ಹೊರಗೆ ಲಂಗರು ಹಾಕಿ ಕಾಯುತ್ತದೆ. ಎಂಜಿನ್‌ಗೆ ಬೇಕಾದ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು 10% ತಗ್ಗಿಸಿದರೆ ಅದೇ ದೂರಕ್ಕೆ ಸುಡುವ ಇಂಧನ 19%ರಷ್ಟು ಇಳಿಯುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಕಲ್ಲಿದ್ದಲು ಬಂದರಿನ ಹೊರಗೆ ಹತ್ತಾರು ಹಡಗುಗಳು ಸರತಿಯಲ್ಲಿದ್ದಾಗ, 2007ರ ಜೂನ್ 8ರ ಬಿರುಗಾಳಿಯಲ್ಲಿ ಪಾಶಾ ಬಲ್ಕರ್ ಎಂಬ ಹಡಗು ಕಡಲತೀರಕ್ಕೇ ಬಂದು ಕೂತಿತು. ಮುಂದಿನ ವರ್ಷಗಳಲ್ಲಿ ಆ ಬಂದರು ಹಡಗುಗಳಿಗೆ ದೂರದಲ್ಲಿರುವಾಗಲೇ ಸರತಿಯ ಸ್ಥಾನ ಕೊಡುವ ವ್ಯವಸ್ಥೆಗೆ ಬಂತು. ಬಾಡಿಗೆ ಕರಾರುಗಳಲ್ಲಿ ಹಡಗು ಆದಷ್ಟು ಬೇಗ ಹೋಗಬೇಕೆಂಬ ಷರತ್ತೂ ಸರಕು ಇಳಿಸುವುದು ತಡವಾದರೆ ಹಡಗಿನವರಿಗೆ ಕೊಡಬೇಕಾದ ಡೆಮರೇಜಿನ ಲೆಕ್ಕವೂ ಇರುವುದರಿಂದ ಇದು ಸುಲಭವಾಗಿ ಆಗುವ ಕೆಲಸವಲ್ಲ, ಸರಕಿನವರು, ಹಡಗಿನವರು, ಹಾರ್ಬರ್ ಮಾಸ್ಟರ್ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಾಗುತ್ತದೆ. ಆದರೂ ಇದಕ್ಕೆ ಕಾಂಕ್ರೀಟು ಬೇಕಿಲ್ಲ.

ಸೌರ ಫಲಕಗಳನ್ನು ಹಾಕಿಸಿ, ತಪ್ಪೇನಿಲ್ಲ. ವಿದ್ಯುತ್ ಬಿಲ್ಲು ಇಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅವುಗಳ ತಲೆಗೆ ಕಟ್ಟಬೇಡಿ.

ವರ್ಷ ಘೋಷಿಸುವ ಬಗ್ಗೆ: ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಒಪ್ಪಿದ, 2050ರ ಆಸುಪಾಸಿನಲ್ಲಿ ನಿವ್ವಳ ಶೂನ್ಯ ಎಂಬ ಗುರಿ ಅಂತರರಾಷ್ಟ್ರೀಯ ಹಡಗುಗಳದ್ದು. ಅದನ್ನು ತಂದು ನಿಮ್ಮ ಬಂದರಿನ ಫಲಕಕ್ಕೆ ಅಂಟಿಸಿದರೆ ನೀವು ನಿಯಂತ್ರಿಸಲಾಗದ ಹೊಗೆಗೆ ಮಾತು ಕೊಟ್ಟಂತಾಗುತ್ತದೆ. ಟಗ್, ಪೈಲಟ್ ದೋಣಿ, ಯಾರ್ಡಿನ ಯಂತ್ರಗಳು, ನೀವು ಕೊಳ್ಳುವ ವಿದ್ಯುತ್ ಇವಿಷ್ಟಕ್ಕೆ ಒಂದು ವರ್ಷ ಹೇಳಿ. ಹಡಗುಗಳ ಪಾಲಿಗೆ ವರ್ಷದ ಬದಲು ಲಂಗರಿನಲ್ಲಿ ಕಾದ ಗಂಟೆಗಳನ್ನು ಪ್ರತಿ ತಿಂಗಳೂ ಪ್ರಕಟಿಸಿ. ಟರ್ಮಿನಲ್‌ಗಳನ್ನು ಗುತ್ತಿಗೆಗೆ ಕೊಟ್ಟಿದ್ದರೆ ಅಲ್ಲಿನ ಡೀಸೆಲ್ ಕ್ರೇನುಗಳ ಬಗ್ಗೆ ನಿಮ್ಮ ಮಾತು ನಡೆಯುವುದು ಗುತ್ತಿಗೆ ನವೀಕರಣದ ಹೊತ್ತಿನಲ್ಲಿ ಮಾತ್ರ, ಒಮ್ಮೆ ಸಹಿಯಾದರೆ ದಶಕಗಳ ಕಾಲ ಬಾಗಿಲು ಮುಚ್ಚಿದಂತೆಯೇ. ನಿಮ್ಮಲ್ಲಿ ಯಾವ ಟರ್ಮಿನಲ್‌ನ ಗುತ್ತಿಗೆ ಮೊದಲು ಮುಗಿಯುತ್ತದೆ ಎಂಬುದನ್ನೂ, ಪದೇಪದೇ ಬರುವ ಹಡಗುಗಳ ಹೆಸರುಗಳ ಪಟ್ಟಿಯನ್ನೂ ಹಾಕಿದರೆ ಷರತ್ತುಗಳ ಒಕ್ಕಣೆಯ ಬಗ್ಗೆ ಇನ್ನಷ್ಟು ಬರೆಯಬಲ್ಲೆ.